ಬಯಾಲಜಿ ಓದಿಲ್ಲ, ಮಸಾಜ್ ಥೆರಪಿಗೆ ಸೇರಿಸ್ಕೋತಾರಾ?

ಕೆನಡಾದ ಒಂಟಾರಿಯೋ ಪ್ರಾಂತ್ಯದ ಮಿಸಿಸಾಗಾದಿಂದ ಒಬ್ರು ಓದುಗರು ಬರೆದಿದಾರೆ, ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಲ್ಲ. ಪತ್ರ ಉದ್ದ ಇದೆ, ತಿರುಳು ಇಷ್ಟು. ವಯಸ್ಸು 38, ದಾವಣಗೆರೆಯೋರು, ಪಿಯುಸಿಲಿ ಕಾಮರ್ಸ್, 2008ರಲ್ಲಿ ಬಿ.ಕಾಂ. ಮುಗಿಸಿದ್ದು. ಪಿಆರ್ (ಇಲ್ಲಿ ಕಾಯಮ್ಮಾಗಿ ಇರೋ ಅನುಮತಿ) ಇದೆ, ವೇರ್‌ಹೌಸಲ್ಲಿ ರಾತ್ರಿ ಪಾಳಿ, ಇಬ್ರು ಮಕ್ಳು. ಒಂಟಾರಿಯೋದಲ್ಲಿ ರಿಜಿಸ್ಟರ್ಡ್ ಮಸಾಜ್ ಥೆರಪಿಸ್ಟ್ (ಆರ್‌ಎಂಟಿ) ಆಗ್ಬೇಕು ಅಂತ ಆಸೆ. "ನಂಗೆ ಬಯಾಲಜಿನೇ ಇಲ್ವಲ್ಲ, ಸೇರಿಸ್ಕೋತಾರಾ? ಮೂರು ತಿಂಗಳ ಸ್ಪಾ ಕೋರ್ಸ್ ಮಾಡಿದ್ರೆ ಸಾಲಲ್ವಾ? ಊರಲ್ಲಿ ಅತ್ತೆ ಕೇಳಿ ಕೆನಡಾಗೆ ಹೋಗಿ ಮಾಲೀಸು ಮಾಡ್ತೀಯಾ ಅಂದ್ರು, ಆ ಮಾತು ಎದೇಲಿ ಕೂತಿದೆ" ಅಂತ ಬರೆದಿದಾರೆ.

ಮೇಡಂ, ಸೇರಿಸ್ಕೋತಾರೆ. ಆದ್ರೆ ಬಯಾಲಜಿ ಬಿಟ್ಟು ಅಲ್ಲ, ಅದನ್ನ ಈಗ ಓದ್ಕೊಂಡು. ಅದನ್ನ ಯಾಕೆ ಕೇಳ್ತಾರೆ ಅನ್ನೋದು ನಂಗೆ ಗೊತ್ತಾಗಿದ್ದು ನನ್ನ ಎಡಗಾಲಿಂದ, ಅದನ್ನ ಮೊದ್ಲು ಹೇಳ್ಬಿಡ್ತೀನಿ.

ಮೂರು ವರ್ಷದ ಹಿಂದೆ ಬೆಂಗಳೂರಿಂದ ವಿಮಾನದಲ್ಲಿ ಇಲ್ಲಿಗೆ ವಾಪಸ್ ಬಂದೆ, ಮಧ್ಯದ ಸೀಟು, ಪಕ್ಕದೋರು ಮಲಗಿದ್ರು ಅಂತ ಎದ್ದು ಓಡಾಡ್ಲೂ ಇಲ್ಲ. ಬಂದು ಎರಡು ದಿನಕ್ಕೆ ಎಡಗಾಲಿನ ಮೀನಖಂಡದಲ್ಲಿ ಹಿಡ್ಕೊಂಡ ಹಾಗೆ ನೋವು. ನರ ಹಿಡ್ಕೊಂಡಿದೆ, ಚೆನ್ನಾಗಿ ತಿಕ್ಕಿಸಿದ್ರೆ ಹೋಗತ್ತೆ ಅಂತ ಮನೆ ಹತ್ರದ ಆರ್‌ಎಂಟಿ ಹತ್ರ ಹೋದೆ. ಆ ಹುಡುಗಿಗೆ ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬೇಕು, ಎಣ್ಣೆ ಬಾಟ್ಲಿ ಮುಟ್ಟೋಕೆ ಮುಂಚೆ ಹತ್ತು ನಿಮಿಷ ಬರೀ ಪ್ರಶ್ನೆ ಕೇಳಿದ್ಲು, ಏನು ಮಾತ್ರೆ ತಗೋತೀರಾ, ಬಿಪಿ ಇದ್ಯಾ, ಇತ್ತೀಚೆಗೆ ಆಪರೇಶನ್ ಏನಾದ್ರೂ, ದೂರ ಪ್ರಯಾಣ ಏನಾದ್ರೂ. ವಿಮಾನ ಅಂದ ತಕ್ಷಣ ಅವಳ ಮುಖ ಬದಲಾಯ್ತು. ಎರಡೂ ಕಾಲು ಪಕ್ಕ ಪಕ್ಕ ಇಡಿಸಿ ನೋಡಿದ್ಲು, ಟೇಪ್ ತಂದು ಎರಡೂ ಮೀನಖಂಡ ಅಳೆದ್ಲು, ಎಡಗಡೆದು ಊದಿತ್ತು, ಅಂಗೈ ಹಿಂಭಾಗ ತಾಗಿಸಿ ನೋಡಿದ್ಲು, ಬಿಸಿ ಇತ್ತು. ಈ ಕಾಲು ನಾನು ಮುಟ್ಟಲ್ಲ, ನೀವು ಇಲ್ಲಿಂದ ಸೀದಾ ಎಮರ್ಜೆನ್ಸಿಗೆ ಹೋಗಿ ಅಂದ್ಲು, ದುಡ್ಡೂ ತಗೊಳ್ಲಿಲ್ಲ. ಅಲ್ಟ್ರಾಸೌಂಡ್ ಮಾಡಿದ್ರೆ ಒಳಗಿನ ರಕ್ತನಾಳದಲ್ಲಿ ಹೆಪ್ಪು. ನಾನು ಬೇಡ್ಕೊಂಡ ಹಾಗೆ ಅವಳು ಚೆನ್ನಾಗಿ ತಿಕ್ಕಿದ್ದಿದ್ರೆ ಅದು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗ್ಬಹುದಿತ್ತು ಅಂತ ಡಾಕ್ಟ್ರು ಹೇಳಿದ್ರು.

ಆವತ್ತು ಅವಳು ಮಾಡಿದ ಕೆಲಸದಲ್ಲಿ ಮಸಾಜ್ ಒಂಚೂರೂ ಇರ್ಲಿಲ್ಲ ನೋಡಿ, ಇದ್ದಿದ್ದೆಲ್ಲ ಬಯಾಲಜಿ. ಒಂಟಾರಿಯೋದಲ್ಲಿ ಈ ಟ್ರೈನಿಂಗ್ ಸಾಮಾನ್ಯವಾಗಿ ಖಾಸಗಿ ಕರಿಯರ್ ಕಾಲೇಜಲ್ಲಿ ಎರಡು ವರ್ಷ, ಸರ್ಕಾರಿ ಕಾಲೇಜಲ್ಲಿ ಮೂರು ವರ್ಷದ ಅಡ್ವಾನ್ಸ್ಡ್ ಡಿಪ್ಲೊಮಾ. ಅದ್ರಲ್ಲಿ ಅನಾಟಮಿ, ಫಿಸಿಯಾಲಜಿ, ಪೆಥಾಲಜಿ, ಅಂದ್ರೆ ದೇಹದ ರಚನೆ, ಅದು ಕೆಲಸ ಮಾಡೋ ರೀತಿ, ರೋಗಗಳ ಪಾಠ ತುಂಬ್ಕೊಂಡಿರತ್ತೆ, ಯಾರನ್ನ ಯಾವಾಗ ಮುಟ್ಟಬಾರ್ದು ಅನ್ನೋದೇ ದೊಡ್ಡ ಪಾಠ.

ಈಗ ನಿಮ್ಮ ದಾರಿ. ಸರ್ಕಾರಿ ಕಾಲೇಜುಗಳು ಸಾಮಾನ್ಯವಾಗಿ 12ನೇ ಕ್ಲಾಸಿನ ಇಂಗ್ಲಿಷು, ಜೊತೆಗೆ 11 ಅಥವಾ 12ರ ಬಯಾಲಜಿ ಕೇಳ್ತಾರೆ, ಕೆಲವು ಕಡೆ ಇನ್ನೊಂದು ಸೈನ್ಸ್ ವಿಷಯ ಕೂಡ. ಖಾಸಗಿಯಲ್ಲಿ 12ನೇ ಕ್ಲಾಸ್ ಪಾಸಾಗಿದ್ರೆ ಸಾಕು ಅನ್ನೋರೂ ಇದಾರೆ, ಮೆಚ್ಯೂರ್ ಸ್ಟೂಡೆಂಟ್ (ದೊಡ್ಡೋರಾದ ಮೇಲೆ ಓದೋಕೆ ಬರೋರು) ಅಂತ ಒಂದು ಎಂಟ್ರೆನ್ಸ್ ಬರೆಸಿ ತಗೊಳೋರೂ ಇದಾರೆ. ಅಲ್ಲಿ ಸುಲಭ ಅಂತ ಹಾಗೇ ನುಗ್ಗಬೇಡಿ, ಮೊದ್ಲನೇ ಸೆಮಿಸ್ಟರ್‌ಲೇ ಸ್ನಾಯುಗಳ ಹೆಸರು, ಅವು ಎಲ್ಲಿ ಹುಟ್ಟಿ ಎಲ್ಲಿ ಅಂಟ್ಕೊಳತ್ವೆ ಅಂತ ನೂರಾರು ಬಾಯಿಪಾಠ ಮಾಡಿಸ್ತಾರೆ, ತಳಪಾಯ ಇಲ್ದೆ ಹೋದ್ರೆ ರಾತ್ರಿ ಪಾಳಿ ಜೊತೆ ಆಗಲ್ಲ. ನಿಮ್ಮ ಮಿಸಿಸಾಗಾ ಸೇರಿರೋ ಪೀಲ್ ಡಿಸ್ಟ್ರಿಕ್ಟ್ ಸ್ಕೂಲ್ ಬೋರ್ಡ್‌ನಲ್ಲೇ ದೊಡ್ಡೋರಿಗೆ ಹೈಸ್ಕೂಲ್ ವಿಷಯ ಓದಿಸ್ತಾರೆ, ಮನೇಲೇ ಕೂತು ಓದ್ತೀನಿ ಅಂದ್ರೆ ಟಿವಿಒ (ಒಂಟಾರಿಯೋದ ಶೈಕ್ಷಣಿಕ ಟಿವಿ ಸಂಸ್ಥೆ) ಅವರ ಇಂಡಿಪೆಂಡೆಂಟ್ ಲರ್ನಿಂಗ್ ಸೆಂಟರ್ ಇದೆ. ಒಂದು ಬಯಾಲಜಿ ಕ್ರೆಡಿಟ್, ಅಂದ್ರೆ ಆ ಒಂದು ವಿಷಯ ಪಾಸ್, ಮಾಡ್ಕೊಳಿ, ಎರಡು ಥರದ ಕಾಲೇಜಿನ ಬಾಗಿಲೂ ತೆಗೆಯತ್ತೆ.

ಅದ್ರ ಜೊತೆಗೇ ಮಾರ್ಕ್ಸ್ ಕಾರ್ಡ್ ಕೆಲಸ. ಡಬ್ಲ್ಯುಇಎಸ್ ಅಥವಾ ಐಕ್ಯಾಸ್ ಅನ್ನೋ ಸಂಸ್ಥೆಗಳಿಂದ ನಿಮ್ಮ ಓದು ಇಲ್ಲಿನ ಲೆಕ್ಕದಲ್ಲಿ ಎಷ್ಟು ಅಂತ ವರದಿ ತರಿಸ್ಬೇಕು, ಡಬ್ಲ್ಯುಇಎಸ್‌ಗೆ ಟ್ರಾನ್ಸ್‌ಕ್ರಿಪ್ಟ್ ಯೂನಿವರ್ಸಿಟಿನೇ ಕಳಿಸ್ಬೇಕು. ಒಂದು ವಿಷ್ಯ ನೆನಪಿಡಿ, ದಾವಣಗೆರೆ ವಿಶ್ವವಿದ್ಯಾಲಯ ಶುರುವಾಗಿದ್ದು 2009ರಲ್ಲಿ, ನೀವು ಓದಿದ್ದು ಕುವೆಂಪು ವಿಶ್ವವಿದ್ಯಾಲಯದ ಕೆಳಗೆ, ಹಾಗಾಗಿ ಅರ್ಜಿ ಹೋಗ್ಬೇಕಾಗಿರೋದು ಅದು ಇರೋ ಶಂಕರಘಟ್ಟಕ್ಕೆ. ಊರಲ್ಲಿ ತಮ್ಮನೋ ಅಣ್ಣನೋ ಇದ್ರೆ ಈಗ್ಲೇ ಹೇಳಿಡಿ, ತಿಂಗಳುಗಟ್ಲೆ ಹಿಡಿದ್ರೂ ಆಶ್ಚರ್ಯ ಇಲ್ಲ. ಇಂಗ್ಲಿಷಿಗೆ ಕಾಲೇಜನ್ನೇ ಕೇಳಿ, ಐಇಎಲ್‌ಟಿಎಸ್ ಕೇಳ್ತಾರೋ ಇಲ್ಲ ಅವರದ್ದೇ ಟೆಸ್ಟ್ ಬರೆಸ್ತಾರೋ ಅಂತ.

ಆಮೇಲೆ ಕ್ಲಿನಿಕಲ್ ಪ್ರಾಕ್ಟೀಸ್‌ಗೆ, ಅಂದ್ರೆ ಓದ್ತಾ ಇರೋವಾಗ ನಿಜವಾದ ಜನರ ಮೇಲೆ ಮಾಡೋ ಅಭ್ಯಾಸಕ್ಕೆ, ಬೇಕಾಗೋ ಕಾಗದ. ಫಸ್ಟ್ ಏಡ್, ಸಿಪಿಆರ್ ಒಂದು ವೀಕೆಂಡಲ್ಲಿ ಮುಗಿಯತ್ತೆ. ಪೊಲೀಸ್ ಚೆಕ್‌ನಲ್ಲಿ ವಲ್ನರಬಲ್ ಸೆಕ್ಟರ್ ಅನ್ನೋದನ್ನೇ ಕೇಳ್ತಾರೆ, ಮಕ್ಳು, ಮುದುಕ್ರು, ಅಶಕ್ತರ ಜೊತೆ ಕೆಲಸ ಮಾಡೋರಿಗೆ ಇರೋದು, ಅದ್ರಲ್ಲಿ ಕೆಲವ್ರಿಗೆ ಬೆರಳಚ್ಚು ಕೊಡಿ ಅಂತ ಕರೀತಾರೆ. ಗಾಬರಿ ಆಗ್ಬೇಡಿ, ನಿಮ್ಮ ಜನ್ಮದಿನಾಂಕ ಯಾರೋ ಹಳೇ ಅಪರಾಧಿದಕ್ಕೆ ಹೊಂದಿದ್ರೆ ಅದು ನೀವಲ್ಲ ಅಂತ ಖಾತ್ರಿ ಮಾಡ್ಕೊಳೋದಕ್ಕೆ ಅಷ್ಟೆ. ಲಸಿಕೆ ಕಾರ್ಡ್ ನಮ್ಮಲ್ಲಿ ಯಾರ ಹತ್ರ ಇದೆ ಹೇಳಿ, ರಕ್ತ ಪರೀಕ್ಷೆಲಿ ರೋಗ ನಿರೋಧಕ ಶಕ್ತಿ ಇದೆ ಅಂತ ತೋರ್ಸಿದ್ರೂ ನಡೆಯತ್ತೆ. ಇನ್ನು ಟಿಬಿ ಚರ್ಮದ ಪರೀಕ್ಷೆ, ನಮ್ಮ ತೋಳಲ್ಲಿ ಬಿಸಿಜಿ ಚುಚ್ಚಿದ ಗುರುತು ಇದ್ಯಲ್ಲ, ಅದ್ರಿಂದ್ಲೇ ಟೆಸ್ಟ್ ಪಾಸಿಟಿವ್ ಬರ್ಬಹುದು. ನಮ್ಮ ಮನೇಲಿ ಒಬ್ರಿಗೆ ಹಾಗೆ ಬಂದು ಟಿಬಿನೇ ಬಂತು ಅಂತ ಎರಡು ದಿನ ಅತ್ತಿದ್ರು. ಪಾಸಿಟಿವ್ ಬಂದ್ರೆ ಎದೆ ಎಕ್ಸ್‌ರೇ ತೆಗೆಸ್ತಾರೆ, ಅದು ಸರಿ ಇದ್ರೆ ಕಾಲೇಜಿಗೆ ಆ ರಿಪೋರ್ಟ್ ಕೊಟ್ರಾಯ್ತು.

ನಿಮ್ಮ ಪತ್ರದಲ್ಲಿ ಒಂದು ತಪ್ಪು ಕಂಡೆ, "ಸಿಎಂಟಿಒ ಕಾಲೇಜಿಗೆ ಅಪ್ಲೈ ಮಾಡ್ತೀನಿ" ಅಂದಿದೀರ. ಕಾಲೇಜ್ ಆಫ್ ಮಸಾಜ್ ಥೆರಪಿಸ್ಟ್ಸ್ ಆಫ್ ಒಂಟಾರಿಯೋ ಪಾಠ ಹೇಳೋ ಕಾಲೇಜಲ್ಲ, ನಮ್ಮಲ್ಲಿ ಮೆಡಿಕಲ್ ಕೌನ್ಸಿಲ್ ಇದ್ದ ಹಾಗೆ, ರಿಜಿಸ್ಟರ್ ಇಟ್ಕೊಂಡಿರೋರು. ಓದು ಮುಗಿದ ಮೇಲೆ ಪರೀಕ್ಷೆ ಪಾಸಾಗಿ ಅಲ್ಲಿ ಹೆಸರು ಬರೆಸ್ಬೇಕು. ಹಾಗಾಗಿ ಯಾವ ಸ್ಕೂಲಿಗೆ ಫೀಸ್ ಕಟ್ಟೋಕೆ ಮುಂಚೆನೂ ಇಲ್ಲಿ ಓದಿದ್ರೆ ಆ ಪರೀಕ್ಷೆಗೆ ಕೂರೋಕೆ ಆಗತ್ತಾ ಅಂತ ಸಿಎಂಟಿಒ ಅವರನ್ನೇ ಕೇಳಿ, ಸ್ಕೂಲಿನೋರ ಮಾತು ಸಾಲಲ್ಲ.

ಮೂರು ತಿಂಗಳ ಕೋರ್ಸಿಗೂ ಇದೇ ಉತ್ತರ. 1991ರ ಮಸಾಜ್ ಥೆರಪಿ ಆಕ್ಟ್ ಪ್ರಕಾರ ರಿಜಿಸ್ಟರಲ್ಲಿ ಇಲ್ದೆ ಇರೋರು ಒಂಟಾರಿಯೋದಲ್ಲಿ ಮಸಾಜ್ ಥೆರಪಿಸ್ಟ್ ಅಂತ ಕರ್ಕೊಳೋ ಹಾಗಿಲ್ಲ, ಆಫೀಸಿನ ಇನ್ಶೂರೆನ್ಸ್‌ನೋರು ನೋಡೋದೂ ರಸೀದಿ ಮೇಲಿರೋ ಆರ್‌ಎಂಟಿ ನಂಬರನ್ನೇ. ಅದಿಲ್ದೆ ಗಿರಾಕಿ ಎಲ್ಲಿಂದ ಬರ್ತಾರೆ. ನಿಮ್ಮ ಯಜಮಾನ್ರ ಕೆಲಸ ಕ್ಯಾಲ್ಗರಿಗೆ ಹೋಗ್ಬಹುದು ಅಂತನೂ ಬರೆದಿದೀರ, ಅದಿರೋ ಆಲ್ಬರ್ಟಾ ಪ್ರಾಂತ್ಯದಲ್ಲಿ ಕಾನೂನು ಪ್ರಕಾರದ ಇಂಥ ರಿಜಿಸ್ಟರ್ ಇಲ್ಲ, ಇರೋದು ಒಂಟಾರಿಯೋ, ಬ್ರಿಟಿಷ್ ಕೊಲಂಬಿಯಾ, ನ್ಯೂ ಬ್ರನ್ಸ್‌ವಿಕ್, ನ್ಯೂಫೌಂಡ್‌ಲ್ಯಾಂಡ್, ಪ್ರಿನ್ಸ್ ಎಡ್ವರ್ಡ್ ಐಲೆಂಡ್ ಈ ಐದು ಪ್ರಾಂತ್ಯದಲ್ಲಿ. ಆದ್ರೂ ಇಲ್ಲಿಯ ಓದೇ ಓದ್ಕೊಂಡು ಹೋಗಿ, ವಾಪಸ್ ಬಂದ್ರೆ ಮತ್ತೆ ಮೊದ್ಲಿಂದ ಶುರು ಮಾಡೋದು ತಪ್ಪತ್ತೆ.

ಅತ್ತೆ ಮಾತಿಗೆ ಬರ್ತೀನಿ. ನಮ್ಮೂರಲ್ಲಿ ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕೋಕೆ ಒಬ್ಬ ಅಜ್ಜಿ ಬರ್ತಿದ್ರು. ನಮ್ಮಕ್ಕನ ಬಾಣಂತನದಲ್ಲಿ ನೋಡಿದೀನಿ, ಕಾಲು ನೀಡಿ ಕೂತು ಕೂಸನ್ನ ಮೊಣಕಾಲ ಮೇಲೆ ಮಲಗಿಸ್ಕೊಂಡು ಹೆಬ್ಬೆಟ್ಟಲ್ಲಿ ಬೆನ್ನು ನೀವೋರು, ಅಳ್ತಾ ಇದ್ದ ಕೂಸು ಅಲ್ಲೇ ನಿದ್ದೆ ಹೋಗೋದು. ಊರಿನ ಅರ್ಧ ಮಕ್ಳು ಆ ಕೈಯಲ್ಲಿ ಬೆಳೆದ್ವು, ಕೊನೆಗೆ ಅವರಿಗೆ ಸಿಕ್ಕಿದ್ದು ಒಂದು ಸೀರೆ, ಎರಡು ಸೇರು ಅಕ್ಕಿ, ಊಟ ಹಿತ್ತಲ ಬಾಗಿಲಲ್ಲಿ. ನಂಗೆ ಇವತ್ತಿಗೂ ಅದನ್ನ ನೆನೆಸ್ಕೊಂಡ್ರೆ ಸಂಕಟ ಆಗತ್ತೆ. ಮೈ ಮುಟ್ಟಿ ಮಾಡೋ ಕೆಲಸ ಕೀಳು ಅಂತ ನಾವೇ ಮಾಡಿಟ್ಟಿದ್ದು, ಕೆಲಸದಲ್ಲಿ ಅಂಥದ್ದೇನೂ ಇಲ್ಲ. ಇಲ್ಲಿ ಮೇಜಿನ ಮೇಲೆ ಮಲಗಿದೋರಿಗೆ ಹೊದಿಸಿರೋ ಬೆಡ್‌ಶೀಟಲ್ಲಿ ಒಂದ್ಸಲಕ್ಕೆ ಒಂದು ಕೈಯೋ ಒಂದು ಕಾಲೋ ಅಷ್ಟೇ ತೆಗೀತಾರೆ, ಮುಗಿದ ತಕ್ಷಣ ಮುಚ್ಚಿ ಆಮೇಲೆ ಇನ್ನೊಂದು, ಪ್ರತಿ ಸಲ ಕೇಳಿ ಒಪ್ಪಿಗೆ ತಗೊಂಡೇ. ಅತ್ತೆಗೆ ಇದನ್ನ ಫೋನಲ್ಲಿ ಹೇಳಿದ್ರೆ ಅರ್ಥ ಆಗದೆ ಇರ್ಬಹುದು. ಅವರ ಸೊಂಟ ನೋವಿಗೆ ನೀವೇ ಕೈ ಹಾಕಿದ ದಿನ ಆಗ್ಬಹುದು.

ಸದ್ಯಕ್ಕೆ ಶಂಕರಘಟ್ಟದ ಅರ್ಜಿ, ಬಯಾಲಜಿ ಕ್ರೆಡಿಟ್ ಎರಡೂ ಒಟ್ಟಿಗೆ ಶುರು ಮಾಡಿ, ಒಂದಕ್ಕೋಸ್ಕರ ಇನ್ನೊಂದನ್ನ ಕಾಯಿಸ್ಬೇಡಿ. ವರದಿ ಕೈಗೆ ಬಂದ ಮೇಲೆ ನಂಗೆ ಕಳಿಸಿ, ಯಾವ ಕಾಲೇಜಿಗೆ ಏನು ಕೊರತೆ ಇದೆ ಅಂತ ಕೂತು ನೋಡೋಣ.