10 ಮೆಣಸಿನಕಾಯಿಯಲ್ಲಿ 2 ತೆಗೆದರೆ ಒಂದಾದರೂ ಗುಂಟೂರು ಬರುವ ಸಂಭವನೀಯತೆ ಎಷ್ಟು?

ನಿಮ್ಮ ಲೆಕ್ಕ ಇದು: ಚೀಲದಲ್ಲಿ 7 ಬ್ಯಾಡಗಿ, 3 ಗುಂಟೂರು. ನೋಡದೆ ಒಂದಾದ ಮೇಲೊಂದು ಎರಡು ತೆಗೆಯಬೇಕು, ತೆಗೆದದ್ದನ್ನು ವಾಪಸ್ ಹಾಕುವಂತಿಲ್ಲ. (ಹಾವೇರಿ ಕಡೆಯವರಿಗೆ ಸುಕ್ಕು ಮುಟ್ಟಿದರೇ ಬ್ಯಾಡಗಿ ಯಾವುದೆಂದು ಗೊತ್ತಾಗಿಬಿಡುತ್ತದೆ. ಲೆಕ್ಕದ ಮಟ್ಟಿಗೆ ಬೆರಳಿಗೂ ತಿಳಿಯುವುದಿಲ್ಲ ಅಂದುಕೊಳ್ಳಿ, ಇಲ್ಲದಿದ್ದರೆ ಎಲ್ಲ ಕಾಯಿಗೂ ಸಮಾನ ಅವಕಾಶ ಇರುವುದಿಲ್ಲ.)

ನೀವು 3/10 + 3/10 = 6/10 ಎಂದು ಕೂಡಿಸಿದ್ದೀರಿ. ಅದರಲ್ಲಿ ಎರಡೂ ಗುಂಟೂರೇ ಬರುವ ಸಂದರ್ಭ ಎರಡು ಸಲ ಎಣಿಕೆಯಾಗಿದೆ.

‘ಒಂದಾದರೂ’ ಅಂತ ಕಂಡ ಕೂಡಲೇ ಉಲ್ಟಾ ಕಡೆಯಿಂದ ಹಿಡಿಯಿರಿ. ಒಂದೂ ಗುಂಟೂರು ಬಾರದಿರುವುದು ಎಷ್ಟು? ಮೊದಲನೆಯದು ಬ್ಯಾಡಗಿ: 7/10. ಈಗ ಚೀಲದೊಳಗೆ ಇಣುಕಿ ನೋಡಿ, ಉಳಿದದ್ದು 9, ಅದರಲ್ಲಿ ಬ್ಯಾಡಗಿ 6. ಬಹಳ ಮಂದಿ ಎಡವುವುದು ಇಲ್ಲೇ, ಛೇದವನ್ನು 10 ಅಂತಲೇ ಬಿಟ್ಟಿರುತ್ತಾರೆ. ಎರಡನೆಯದೂ ಬ್ಯಾಡಗಿ: 6/9. ಗುಣಿಸಿದರೆ 42/90, ಅಂದರೆ 7/15. ಅದನ್ನು 1ರಲ್ಲಿ ಕಳೆಯಿರಿ, ಉತ್ತರ 8/15.

ನಿಮ್ಮ ದಾರಿಯಲ್ಲೇ ತಾಳೆ ನೋಡಿ: ಎರಡೂ ಗುಂಟೂರು ಬರುವುದು 3/10 × 2/9 = 1/15. 6/10ರಲ್ಲಿ ಅದನ್ನು ಕಳೆದರೂ 8/15 ಬರುತ್ತದೆ.

ಮೊದಲ ಕಾಯಿ ವಾಪಸ್ ಹಾಕಿ ತೆಗೆದಿದ್ದರೆ? ಛೇದ ಬದಲಾಗದು: 1 − 49/100 = 51/100.