ಆದೇಶ ಹೊರಟಿತು, ಕೆಲಸ ಎಲ್ಲಿ ನಿಂತಿತು?

ಪ್ರಶ್ನೆ: ಇಲಾಖೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಯೋಜನೆ ಒಳ್ಳೆಯದಿರುತ್ತದೆ, ಹಣ ಮಂಜೂರಾಗಿರುತ್ತದೆ, ಯಾರೂ ಲಂಚ ತಿಂದಿರುವುದಿಲ್ಲ. ಆದರೂ ಕೆಲಸ ಮಾತ್ರ ಆಗಿರುವುದಿಲ್ಲ. ಇದರ ಕಾರಣವನ್ನು ಯಾರಾದರೂ ಲೆಕ್ಕ ಹಾಕಿ ನೋಡಿದ್ದಾರೆಯೇ?

ಉತ್ತರ: ನೋಡಿದ್ದಾರೆ, ಅದೂ ಅಕ್ಷರಶಃ ಲೆಕ್ಕ ಹಾಕಿಯೇ. 1966ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದ ಅಲ್ಪಸಂಖ್ಯಾತ ನಿರುದ್ಯೋಗಿಗಳಿಗೆ ಸುಮಾರು 3,000 ಉದ್ಯೋಗಗಳನ್ನು ಕಲ್ಪಿಸುವ ಉದ್ದೇಶದಿಂದ 2.3 ಕೋಟಿ ಡಾಲರ್ ತೆಗೆದಿರಿಸಿತು. ಈ ಯೋಜನೆಗೆ ಬಹಿರಂಗ ವಿರೋಧವಿರಲಿಲ್ಲ, ಹಣದ ಕೊರತೆಯೂ ಇರಲಿಲ್ಲ. ಆದರೂ ಮೂರು ವರ್ಷ ಕಳೆಯುವ ಹೊತ್ತಿಗೆ ಖರ್ಚಾದದ್ದು ಸುಮಾರು 30 ಲಕ್ಷ ಡಾಲರ್ ಮಾತ್ರ. ಅದರಲ್ಲೂ ಹೆಚ್ಚಿನ ಪಾಲು ಹೆದ್ದಾರಿಯ ಮೇಲ್ಸೇತುವೆಯೊಂದಕ್ಕೂ ವಾಸ್ತುಶಿಲ್ಪಿಗಳ ಶುಲ್ಕಕ್ಕೂ ಹೋಗಿತ್ತು. ಜೆಫ್ರಿ ಪ್ರೆಸ್‌ಮನ್ ಮತ್ತು ಆರನ್ ವಿಲ್ಡಾವ್ಸ್ಕಿ ಎಂಬ ಇಬ್ಬರು ವಿದ್ವಾಂಸರು ಈ ಯೋಜನೆ ಹಾದುಬಂದ ದಾರಿಯನ್ನು ಹೆಜ್ಜೆಹೆಜ್ಜೆಗೂ ಹಿಂಬಾಲಿಸಿ, ಯಾವ ಹಂತದಲ್ಲಿ ಯಾರ ಯಾರ ಒಪ್ಪಿಗೆ ಬೇಕಾಗಿತ್ತೆಂದು ಎಣಿಸಿದರು. ಒಟ್ಟು 70 ಒಪ್ಪಿಗೆಗಳು ಬೇಕಾಗಿದ್ದವು. ಅವರ ಅಧ್ಯಯನ 1973ರಲ್ಲಿ ಪ್ರಕಟವಾಯಿತು.

ಈಗ ನೀವೇ ಗುಣಿಸಿ ನೋಡಿ. ಪ್ರತಿಯೊಂದು ಮೇಜಿನಲ್ಲೂ ಕಡತ ದಾಟಿಹೋಗುವ ಸಂಭವ ಶೇ 95ರಷ್ಟಿದೆ ಎಂದಿಟ್ಟುಕೊಂಡರೂ, ಅಂಥ 70 ಮೇಜುಗಳನ್ನು ದಾಟುವ ಸಂಭವ ಶೇ 3ಕ್ಕಿಂತ ಕಡಿಮೆ. ಶೇ 99 ಎಂದು ಉದಾರವಾಗಿ ಹಿಡಿದರೂ ಅರ್ಧದಷ್ಟೇ. ನಿಜ, ಕಚೇರಿಗಳು ನಾಣ್ಯ ಚಿಮ್ಮಿದಂತೆ ನಡೆಯುವುದಿಲ್ಲ. ಒಮ್ಮೆ ನಿಂತ ಕಡತವನ್ನು ಯಾರೋ ಬೆನ್ನುಹತ್ತಿ ಮತ್ತೆ ಹೊರಡಿಸುತ್ತಾರೆ. ಹಾಗಾಗಿ ಯೋಜನೆ ಸಾಯುವುದಕ್ಕಿಂತ ಮುದಿಯಾಗುವುದೇ ಹೆಚ್ಚು. ‘ಚರ್ಚಿಸಿ’ ಎಂಬ ಒಂದೇ ಪದದ ಷರಾ ಒಂದು ಕಡತವನ್ನು ಎಷ್ಟು ವಾರ ಕೂರಿಸಬಲ್ಲದೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಈ ಲೆಕ್ಕ ಹೇಳುವುದೇನೆಂದರೆ, ಅನುಷ್ಠಾನ ಕುಂಟುತ್ತಿದೆಯೆಂದು ಮೇಲೊಂದು ಉಸ್ತುವಾರಿ ಸಮಿತಿಯನ್ನು ಕೂರಿಸಿದರೆ ಎಪ್ಪತ್ತು ಇದ್ದದ್ದು ಎಪ್ಪತ್ತೊಂದಾಗುತ್ತದೆ. ಯಾವ ಸಹಿ ನಿಜವಾಗಿಯೂ ಏನನ್ನಾದರೂ ಪರೀಕ್ಷಿಸುತ್ತದೆ, ಯಾವುದು ಹಿಂದಿನ ಸಹಿಯನ್ನು ನೋಡಿ ಹಾಕಿದ ಸಹಿ ಎಂದು ವಿಂಗಡಿಸಿ ಎರಡನೆಯದನ್ನು ಕಿತ್ತುಹಾಕುವುದೇ ಮೊದಲ ಸುಧಾರಣೆ. ಇದು ಸುಲಭವಲ್ಲ, ಏಕೆಂದರೆ ಪ್ರತಿಯೊಂದು ಸಹಿಯ ಹಿಂದೆ ಹಳೆಯದೊಂದು ಹಗರಣ ಅಥವಾ ಲೆಕ್ಕಪರಿಶೋಧನೆಯ ಆಕ್ಷೇಪವೊಂದು ಇದ್ದೇ ಇರುತ್ತದೆ.

ಪ್ರಶ್ನೆ: ನಮ್ಮ ಕಚೇರಿಗೆ ಬಂದಿರುವ ಹೊಸ ಮುಖ್ಯಸ್ಥರು ಪ್ರತಿ ಸಿಬ್ಬಂದಿಗೂ ವಾರದ ಗುರಿ ನಿಗದಿಪಡಿಸಿ, ತಲುಪದವರಿಗೆ ನೋಟಿಸ್ ಕೊಡುತ್ತಿದ್ದಾರೆ. ವಿಲೇವಾರಿಯ ಸಂಖ್ಯೆ ಏರಿದೆ, ಅರ್ಜಿದಾರರ ಸಿಟ್ಟು ಇಳಿದಿಲ್ಲ. ತಪ್ಪು ಎಲ್ಲಿದೆ?

ಉತ್ತರ: ಗುರಿಯಿಂದ ಏನೂ ಆಗುವುದಿಲ್ಲವೆಂದು ಹೇಳಲಾರೆ. 2001ರಲ್ಲಿ ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್ ಅವರು ಮೈಕೆಲ್ ಬಾರ್ಬರ್ ಅವರ ನೇತೃತ್ವದಲ್ಲಿ ಕೆಲವೇ ಆದ್ಯತೆಗಳ ಬೆನ್ನುಹತ್ತುವ ಪುಟ್ಟ ಘಟಕವೊಂದನ್ನು ರಚಿಸಿದರು; ಆ ವರ್ಷಗಳಲ್ಲಿ ಆಸ್ಪತ್ರೆಗಳಲ್ಲಿ ಕಾಯುವ ಅವಧಿ ನಿಜವಾಗಿಯೂ ಇಳಿಯಿತು. ಆದರೆ ಅದೇ ಕಾಲದಲ್ಲಿ, ರೋಗಿಗೆ 48 ಗಂಟೆಯೊಳಗೆ ವೈದ್ಯರ ಭೇಟಿ ಸಿಗಬೇಕೆಂಬ ಗುರಿಯೂ ಇತ್ತು. 2005ರ ಏಪ್ರಿಲ್‌ನಲ್ಲಿ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ಮಹಿಳೆಯೊಬ್ಬರು ಪ್ರಧಾನಿಯ ಎದುರೇ ತಮ್ಮ ಅನುಭವ ಹೇಳಿದರು: ಮುಂದಿನ ವಾರಕ್ಕೆ ಸಮಯ ಕೇಳಿದರೆ ಚಿಕಿತ್ಸಾಲಯದವರು ಕೊಡುವುದೇ ಇಲ್ಲ, ಏಕೆಂದರೆ ಕೊಟ್ಟರೆ ಗುರಿ ತಪ್ಪುತ್ತದೆ. ಬ್ಲೇರ್ ಅವರಿಗೆ ಈ ಸಂಗತಿ ಹೊಸದಾಗಿತ್ತು. ಸಭಿಕರಿಗೆ ಹೊಸದಾಗಿರಲಿಲ್ಲ.

ನಿಮ್ಮ ಕಚೇರಿಯಲ್ಲೂ ಇಂಥದ್ದೇ ನಡೆದಿರಬೇಕು. ‘ದಾಖಲೆ ಅಪೂರ್ಣ’ ಎಂದು ಬರೆದು ಹಿಂದಿರುಗಿಸಿದ ಅರ್ಜಿಯೂ ಲೆಕ್ಕದಲ್ಲಿ ವಿಲೇವಾರಿಯೇ ಆಗುವುದಾದರೆ, ಸಿಬ್ಬಂದಿ ಸುಲಭದ ಅರ್ಜಿಗಳನ್ನು ಮೊದಲು ಮುಗಿಸಿ, ಕಷ್ಟದವನ್ನು ಒಂದು ಕೊರತೆ ತೋರಿಸಿ ವಾಪಸು ಕಳಿಸುತ್ತಾರೆ. ಅದನ್ನು ಸೋಮಾರಿತನವೆಂದು ಕರೆಯುವ ಮೊದಲು, ಸಮಯ ಸಾಲದೆ, ನಿಯಮಗಳು ಒಂದಕ್ಕೊಂದು ಹೊಂದದೆ, ಎದುರಿಗೆ ಸಾಲು ಬೆಳೆಯುತ್ತಿರುವಾಗ ಕೌಂಟರಿನಲ್ಲಿ ಕೂತ ನೌಕರ ಬೇರೇನು ಮಾಡಬಹುದಿತ್ತೆಂದು ಕೇಳಿಕೊಳ್ಳಬೇಕು. ಜನರ ಪಾಲಿಗೆ ಸರ್ಕಾರದ ನೀತಿಯೆಂದರೆ ಆತ ಕೈಗೊಳ್ಳುವ ತೀರ್ಮಾನವೇ ಹೊರತು ರಾಜಪತ್ರದಲ್ಲಿ ಅಚ್ಚಾದದ್ದಲ್ಲ.

ಮುಖ್ಯಸ್ಥರಿಗೆ ಎರಡು ಬದಲಾವಣೆಗಳನ್ನು ಸೂಚಿಸಿ. ಒಂದು, ಸರಾಸರಿ ವಿಲೇವಾರಿ ಅವಧಿಯ ಬದಲು ಪ್ರತಿವಾರ ಅತ್ಯಂತ ಹಳೆಯ ಹತ್ತು ಕಡತಗಳನ್ನು ಮೇಜಿನ ಮೇಲೆ ತರಿಸಿ, ಅವು ಯಾರಲ್ಲಿವೆ ಎಂದಲ್ಲ, ಏಕೆ ನಿಂತಿವೆ ಎಂದು ಕೇಳಲಿ. ಸರಾಸರಿಯನ್ನು ಸುಲಭದ ಅರ್ಜಿಗಳಿಂದ ಇಳಿಸಬಹುದು, ಆದರೆ ಹಳೆಯ ಕಡತ ಯಾವ ಸರಾಸರಿಯ ಹಿಂದೆಯೂ ಅಡಗಲಾರದು. ಎರಡು, ಹಿಂದಿರುಗಿಸಿದ ಅರ್ಜಿಗಳನ್ನು ಬೇರೆಯಾಗಿ ಎಣಿಸಿ, ಅವುಗಳಲ್ಲಿ ಕೆಲವರಿಗೆ ತಾವೇ ದೂರವಾಣಿ ಮಾಡಲಿ. ನೋಟಿಸ್ ಕೊಡುವುದನ್ನು ಸದ್ಯಕ್ಕೆ ನಿಲ್ಲಿಸಬೇಕು. ಶಿಕ್ಷೆಗೆ ಬಳಕೆಯಾಗುವ ಅಂಕಿಯನ್ನು ಯಾರೂ ನಿಜವಾಗಿ ತುಂಬುವುದಿಲ್ಲ.

ಪ್ರಶ್ನೆ: ಎಲ್ಲವನ್ನೂ ಗಣಕೀಕರಿಸಿದರೆ ಈ ಮಧ್ಯದ ಮನುಷ್ಯರ ತೊಂದರೆಯೇ ಇರುವುದಿಲ್ಲವಲ್ಲ?

ಉತ್ತರ: ಮನುಷ್ಯರಿಲ್ಲದಿದ್ದರೆ ತಪ್ಪನ್ನು ತಡೆಯುವವರೂ ಇರುವುದಿಲ್ಲ. ಆಸ್ಟ್ರೇಲಿಯಾದಲ್ಲಿ 2016ರಿಂದ ವಿಸ್ತರಿಸಿದ, ಜನ ರೋಬೋಡೆಟ್ ಎಂದು ಕರೆದ ವ್ಯವಸ್ಥೆಯು ತೆರಿಗೆ ಇಲಾಖೆಯಲ್ಲಿದ್ದ ವಾರ್ಷಿಕ ಆದಾಯವನ್ನು ಎರಡೆರಡು ವಾರಗಳ 26 ಅವಧಿಗಳಿಗೆ ಸಮನಾಗಿ ಹಂಚಿ, ಅದರ ಆಧಾರದಲ್ಲಿ ಸರ್ಕಾರದ ನೆರವು ಪಡೆದವರಿಗೆ ‘ನೀವು ಇಷ್ಟು ಬಾಕಿ’ ಎಂದು ಪತ್ರ ಕಳಿಸಿತು. ಕೆಲವು ತಿಂಗಳು ದುಡಿದು, ಉಳಿದ ತಿಂಗಳು ಕೆಲಸವಿಲ್ಲದೆ ನೆರವು ಪಡೆದವರ ಪಾಲಿಗೆ ಈ ಲೆಕ್ಕವೇ ಸುಳ್ಳು. ಆ ಬಾಕಿಯನ್ನು ಸುಳ್ಳೆಂದು ಸಾಬೀತುಪಡಿಸುವ ಹೊಣೆಯೂ ಅವರ ಮೇಲೆಯೇ ಬಿತ್ತು. ವಿಧಾನವೇ ಕಾನೂನುಬಾಹಿರವೆಂದು ಒಪ್ಪಿ ಸರ್ಕಾರ ಹಣ ಹಿಂದಿರುಗಿಸಬೇಕಾಯಿತು. 2023ರಲ್ಲಿ ವರದಿ ನೀಡಿದ ವಿಚಾರಣಾ ಆಯೋಗವು ಅದನ್ನು ಕಟುವಾಗಿ ಖಂಡಿಸಿತು.

ಎಸ್ಟೋನಿಯಾದ ದಾರಿ ಬೇರೆ. ಅಲ್ಲಿ 2001ರಿಂದ ಎಕ್ಸ್-ರೋಡ್ ಎಂಬ ಜಾಲದ ಮೂಲಕ ಇಲಾಖೆಗಳು ಮಾಹಿತಿಯನ್ನು ಪರಸ್ಪರ ಪಡೆಯುತ್ತವೆ. ಸರ್ಕಾರದ ಬಳಿ ಈಗಾಗಲೇ ಇರುವ ಮಾಹಿತಿಯನ್ನು ಪ್ರಜೆಯಿಂದ ಮತ್ತೆ ಕೇಳಬಾರದೆಂಬುದು ಅಲ್ಲಿನ ತತ್ತ್ವ. ಒಂದು ದೇಶ ಗಣಕಯಂತ್ರಕ್ಕೆ ಪ್ರಜೆಯನ್ನು ಶಂಕಿಸುವ ಕೆಲಸ ಕೊಟ್ಟಿತು, ಇನ್ನೊಂದು ಅವನ ಓಡಾಟ ತಪ್ಪಿಸುವ ಕೆಲಸ ಕೊಟ್ಟಿತು.

ಪ್ರಶ್ನೆ: ಹೊಸದಾಗಿ ಅಧಿಕಾರಿಯಾಗಿದ್ದೇನೆ. ಮೊದಲ ತಿಂಗಳಲ್ಲಿ ಏನು ಮಾಡಲಿ?

ಉತ್ತರ: ಸುತ್ತೋಲೆ ಹೊರಡಿಸಬೇಡಿ. ಒಂದು ವಾರ ಕೌಂಟರಿನಲ್ಲಿ ಕುಳಿತುಕೊಳ್ಳಿ. ನಂತರ ನಿಮ್ಮ ಕಚೇರಿಯ ಅತ್ಯಂತ ಉದ್ದದ ಅರ್ಜಿ ನಮೂನೆಯನ್ನು ಎತ್ತಿಕೊಂಡು, ಅದು ಕೇಳುವ ಪ್ರತಿಯೊಂದು ದಾಖಲೆಯ ಎದುರಿಗೂ ಅದನ್ನು ಕಡ್ಡಾಯ ಮಾಡಿದ ನಿಯಮದ ಸಂಖ್ಯೆಯನ್ನು ಬರೆಯುವಂತೆ ಹಳಬರಿಗೆ ಹೇಳಿ. ಯಾವ ನಿಯಮವೂ ಕೇಳದ ದಾಖಲೆಗಳ ಪಟ್ಟಿ ಆ ತಿಂಗಳೇ ನಿಮ್ಮ ಕೈಗೆ ಬರುತ್ತದೆ. ಅವುಗಳನ್ನು ಕೈಬಿಡಲು ಬಹುಪಾಲು ನಿಮ್ಮ ಸಹಿಯೊಂದೇ ಸಾಕಾಗುತ್ತದೆ.