ತುಟಿಯ ಗುಳ್ಳೆಗೆ ಜೇಡವನ್ನು ಬೈಯಬೇಡಿ

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇದೆ. ವರ್ಷಕ್ಕೆ ಮೂರ್ನಾಲ್ಕು ಸಲ ಕೆಳತುಟಿಯ ಒಂದೇ ಜಾಗದಲ್ಲಿ ನೀರುಗುಳ್ಳೆಗಳು ಗೊಂಚಲಾಗಿ ಏಳುತ್ತವೆ. ನಮ್ಮತ್ತೆ ಜೇಡ ಉಚ್ಚೆ ಹೊಯ್ದಿದೆ ಅಂತಾರೆ. ಈ ಸಲ ಯುಗಾದಿ ಆದ ಮೇಲೆ ಮಕ್ಕಳನ್ನು ಕರೆದುಕೊಂಡು ಚಿತ್ರದುರ್ಗದ ಕೋಟೆ ಹತ್ತಿ ಬಂದೆ, ಎರಡೇ ದಿನಕ್ಕೆ ಎದ್ದವು. ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಟ್ಯೂಬ್ ತಂದು ಹಚ್ಚಿದೆ, ಇನ್ನೂ ಜಾಸ್ತಿ ಆಯ್ತು. ಇದು ಪೂರ್ತಿ ಹೋಗೋ ಹಾಗೆ ಏನಾದರೂ ಇದೆಯಾ?

ಉತ್ತರ: ಮೊದಲು ಜೇಡದ ವಿಷಯ ಮುಗಿಸೋಣ. ಪಾಪ, ಅದರದ್ದೇನೂ ತಪ್ಪಿಲ್ಲ. ಪ್ರತಿ ಸಲ ಅದೇ ಜಾಗ ಹುಡುಕಿಕೊಂಡು ಬರುವ ಜೇಡ ಯಾವುದಿದೆ ಹೇಳಿ? ಇದು ಹರ್ಪಿಸ್ ಸಿಂಪ್ಲೆಕ್ಸ್ ಅನ್ನೋ ವೈರಸ್ಸಿನ ಕೆಲಸ, ಹೆಚ್ಚಾಗಿ ಅದರ ಮೊದಲನೇ ಬಗೆಯದು. ಬಹಳಷ್ಟು ಜನರಿಗೆ ಚಿಕ್ಕವರಿದ್ದಾಗಲೇ, ಯಾರೋ ನೆಂಟರು ಮುದ್ದು ಮಾಡಿದಾಗ ಅಂಟಿರುತ್ತದೆ. ಆಮೇಲೆ ಅದು ಮುಖದ ನರದ ಬುಡದಲ್ಲಿ ಸುಮ್ನೆ ಮಲಗಿರುತ್ತದೆ. ಜ್ವರ, ನಿದ್ದೆಗೇಡು, ಮುಟ್ಟಿನ ದಿನಗಳು, ಹಲ್ಲು ಕೀಳಿಸಿದ್ದು, ಮುಖ್ಯವಾಗಿ ಬಿಸಿಲು, ಇವೆಲ್ಲ ಅದನ್ನು ಎಬ್ಬಿಸುತ್ತವೆ. ಎದ್ದಾಗ ಅದೇ ನರದ ದಾರಿ ಹಿಡಿದು ತುಟಿಗೆ ಬರುತ್ತದೆ. ಅದಕ್ಕೇ ಜಾಗ ಬದಲಾಗಲ್ಲ. ನಿಮ್ಮದಂತೂ ಏಪ್ರಿಲ್ ಬಿಸಿಲಲ್ಲಿ, ಕಾದ ಬಂಡೆಗಳ ನಡುವೆ ಅರ್ಧ ದಿನ ಓಡಾಟ. ಬೇರೆ ಕಾರಣ ಹುಡುಕಬೇಕಾಗಿಲ್ಲ.

ಪೂರ್ತಿ ಓಡಿಸುವ ಔಷಧಿ ಇಲ್ಲ. ಇದನ್ನು ನೇರವಾಗಿ ಹೇಳಿಬಿಡೋದು ಒಳ್ಳೇದು, ಇಲ್ಲಾಂದ್ರೆ ನೀವು ಯಾರ್ಯಾರ ಹತ್ತಿರವೋ ದುಡ್ಡು ಸುರೀತೀರಿ. ಏನೂ ಮಾಡದಿದ್ದರೂ ಏಳರಿಂದ ಹತ್ತು ದಿನದಲ್ಲಿ ಒಣಗಿ ಹೋಗುತ್ತದೆ. ಔಷಧಿಯಿಂದ ಒಂದು ದಿನದಷ್ಟು ಬೇಗ ವಾಸಿಯಾಗುತ್ತದೆ, ನೋವೂ ಕಡಿಮೆ. ಅದೂ ಸರಿಯಾದ ಹೊತ್ತಿಗೆ ಶುರು ಮಾಡಿದರೆ ಮಾತ್ರ.

ಆ ಹೊತ್ತು ಯಾವುದು? ಗುಳ್ಳೆ ಕಾಣಿಸುವ ಹಿಂದಿನ ದಿನವೇ ಆ ಜಾಗ ಚುರುಚುರು ಅನ್ನುತ್ತದೆ, ತುರಿಸುತ್ತದೆ, ಬಿಗಿದ ಹಾಗಾಗುತ್ತದೆ. ವರ್ಷಕ್ಕೆ ನಾಲ್ಕು ಸಲ ಅನುಭವಿಸಿದ ನಿಮಗೆ ಅದು ನನಗಿಂತ ಚೆನ್ನಾಗಿ ಗೊತ್ತಿರುತ್ತೆ ಅಲ್ವಾ? ಆಗಲೇ ಶುರು ಮಾಡಬೇಕು. ನಮ್ಮಲ್ಲಿ ಜನ ಬರೋದು ಗುಳ್ಳೆ ಒಡೆದು ಹಕ್ಕಳೆ ಕಟ್ಟಿದ ಮೇಲೆ, ಆಗ ಮಾತ್ರೆ ಕೊಟ್ಟು ದೊಡ್ಡ ಉಪಯೋಗವಿಲ್ಲ. ಅದಕ್ಕೆ ಗುಳ್ಳೆ ಇಲ್ಲದ ದಿನವೇ ಒಮ್ಮೆ ಡಾಕ್ಟರನ್ನು ನೋಡಿ, ಚೀಟಿ ಬರೆಸಿಕೊಂಡು, ಔಷಧಿ ಮನೆಯಲ್ಲಿ ಇಟ್ಟುಕೊಂಡಿರಿ.

ಮುಲಾಮು ಅಂದರೆ 5% ಅಸೈಕ್ಲೋವಿರ್. ದಿನಕ್ಕೆ ಐದು ಸಲ, ನಾಲ್ಕೈದು ದಿನ ಹಚ್ಚಬೇಕು. ಇದರ ಉಪಯೋಗ ಇಷ್ಟೇ ಇಷ್ಟು. ನಾನು ಮಾತ್ರೆಯನ್ನೇ ಹೆಚ್ಚು ನಂಬುತ್ತೇನೆ. ವ್ಯಾಲಸೈಕ್ಲೋವಿರ್ ಆದರೆ ದೊಡ್ಡವರಿಗೆ ಒಂದೇ ದಿನದ ಕೋರ್ಸ್: ಒಮ್ಮೆ 2 ಗ್ರಾಂ, 12 ಗಂಟೆ ಬಿಟ್ಟು ಮತ್ತೆ 2 ಗ್ರಾಂ. ಅಸೈಕ್ಲೋವಿರ್ ಮಾತ್ರೆಯಾದರೆ 400 ಮಿಲಿಗ್ರಾಂ, ದಿನಕ್ಕೆ ಐದು ಸಲ, ಐದು ದಿನ. ಯಾವುದು ನುಂಗಿದರೂ ನೀರು ಚೆನ್ನಾಗಿ ಕುಡಿಯಿರಿ. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಬೇರೆ. ಗರ್ಭಿಣಿಯರೂ ತಾವಾಗಿಯೇ ನುಂಗಬಾರದು. ವರ್ಷಕ್ಕೆ ಆರಕ್ಕಿಂತ ಜಾಸ್ತಿ ಸಲ ಬಂದು ಹೈರಾಣಾಗುವವರಿಗೆ ಸಣ್ಣ ಪ್ರಮಾಣದ ಮಾತ್ರೆಯನ್ನು ತಿಂಗಳುಗಟ್ಟಲೆ ದಿನಾ ಕೊಡುವುದೂ ಉಂಟು. ನಿಮಗೆ ಸದ್ಯ ಅದು ಬೇಕಾಗಿಲ್ಲ ಅನಿಸುತ್ತೆ.

ಇನ್ನು ಆ ಟ್ಯೂಬ್. ಹೆಸರು ಬರೆದಿಲ್ಲ ನೀವು, ಆದರೆ ಹಚ್ಚಿದ ಮೇಲೆ ಜಾಸ್ತಿ ಆಯ್ತು ಅಂದ್ರೆ ನನ್ನ ಅನುಮಾನ ಸ್ಟಿರಾಯ್ಡ್ ಮೇಲೆ. ಹುಳುಕಡ್ಡಿಗೂ ಅದೇ, ಕಜ್ಜಿಗೂ ಅದೇ, ಮೊಡವೆಗೂ ಅದೇ ಅಂತ ಕೊಡುವ ಟ್ಯೂಬ್‌ಗಳು ಇರ್ತವಲ್ಲ, ಅವುಗಳಲ್ಲಿ ಕ್ಲೊಬೆಟಾಸೋಲ್ ಅಥವಾ ಬೀಟಾಮೆಥಾಸೋನ್ ಅನ್ನೋ ಸ್ಟಿರಾಯ್ಡ್ ಇರುತ್ತದೆ. ಕೆಂಪು ಇಳಿಯುತ್ತದೆ, ಒಳಗೆ ವೈರಸ್ಸಿಗೆ ಹಬ್ಬ. ಪೊಟ್ಟಣದ ಮೇಲೆ ಆ ಹೆಸರು ಇದೆಯಾ ನೋಡಿ, ಇದ್ದರೆ ಹಚ್ಚೋದು ನಿಲ್ಲಿಸಿ. ಸುಣ್ಣ, ಟೂತ್‌ಪೇಸ್ಟ್ ಕೂಡ ಬೇಡ, ಚರ್ಮ ಸುಡುತ್ತದೆ. ನೋವಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಒತ್ತಿ, ಹಕ್ಕಳೆ ಬಿರಿಯದ ಹಾಗೆ ವ್ಯಾಸಲೀನ್ ಸವರಿ. ಹಚ್ಚಿದ ಮೇಲೆ ಕೈ ತೊಳೆಯಿರಿ, ಅದೇ ಕೈಯಲ್ಲಿ ಕಣ್ಣು ಉಜ್ಜಬೇಡಿ. ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದಿದ್ದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕಪ್ಪುಗುಡ್ಡೆಗೆ ಗಾಯವಾದರೆ ದೃಷ್ಟಿಯೇ ಮಂಜಾಗಬಹುದು.

ಮುಂದಿನ ಸಲ ಕೋಟೆಗೆ ಹೋಗುವಾಗ ಬಿಸಿಲು ತಡೆಯುವ, ಎಸ್‌ಪಿಎಫ್ 30 ಅಂತ ಬರೆದಿರುವ ಲಿಪ್ ಬಾಮ್ ಹಚ್ಚಿಕೊಂಡು ಹೋಗಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೆಳಗ್ಗೆ ಬೇಗ ಹತ್ತಿ ಬೇಗ ಇಳಿದರೆ ಇನ್ನೂ ವಾಸಿ.

ಪ್ರಶ್ನೆ: ತಂಗಿಯ ಮಗುವಿಗೆ ಇಪ್ಪತ್ತು ದಿನ. ಬರುವ ಭಾನುವಾರ ಚಳ್ಳಕೆರೆಯಲ್ಲಿ ತೊಟ್ಟಿಲು ಶಾಸ್ತ್ರ. ನನಗೆ ನಿನ್ನೆಯಿಂದ ತುಟಿ ಮೇಲೆ ಗುಳ್ಳೆ. ಹೋಗದಿದ್ದರೆ ಬೇಜಾರು ಮಾಡ್ಕೋತಾಳೆ. ಏನು ಮಾಡಲಿ?
– ಓದುಗಿ, ಚಿತ್ರದುರ್ಗ

ಉತ್ತರ: ಹಕ್ಕಳೆ ಕಟ್ಟಿ ಪೂರ್ತಿ ವಾಸಿಯಾಗುವ ತನಕ ಮಗುವಿನ ಹತ್ತಿರ ಹೋಗಬೇಡಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ, ಫೋನಿನಲ್ಲಿ ಕಾರಣ ಹೇಳಿ. ನಿಮಗೆ ಇದು ಬರೀ ಉರಿಯುವ ಗುಳ್ಳೆ, ಆದರೆ ತಿಂಗಳು ತುಂಬದ ಕೂಸಿಗೆ ಇದೇ ವೈರಸ್ ಮಿದುಳು, ಲಿವರ್‌ವರೆಗೂ ಹೋಗಿ ಜೀವಕ್ಕೇ ಕುತ್ತು ತರಬಹುದು. ಹೋಗಲೇಬೇಕಾದ ಪರಿಸ್ಥಿತಿ ಬಂದರೆ ಮಾಸ್ಕ್ ಹಾಕಿ ದೂರ ಕೂತುಕೊಳ್ಳಿ, ಎತ್ತಿಕೊಳ್ಳಬೇಡಿ, ಮುತ್ತಂತೂ ಬೇಡವೇ ಬೇಡ. ಈಗಾಗಲೇ ಮುದ್ದು ಮಾಡಿ ಬಂದಿದ್ದರೆ ಮುಚ್ಚಿಡದೆ ತಂಗಿಗೆ ಹೇಳಿ. ಮಗು ಹಾಲು ಬಿಟ್ಟರೆ, ಜ್ವರ ಬಂದರೆ, ಮಂಕಾದರೆ, ಮೈಮೇಲೆ ಗುಳ್ಳೆ ಕಂಡರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಪ್ರಶ್ನೆ: ಮಿರ್ಚಿ ಮಂಡಕ್ಕಿ ತಿಂದು ಉಷ್ಣ ಆಗಿ ಬಾಯಿ ಹುಣ್ಣಾಗಿದೆ. ತುಟಿ ಗುಳ್ಳೆಯ ಮಾತ್ರೆ ಗೆಳೆಯನ ಹತ್ತಿರ ಇದೆ, ನುಂಗಬಹುದಾ?
– ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಡಪ್ಪ. ಕೆನ್ನೆಯ ಒಳಗೆ, ನಾಲಿಗೆ ಕೆಳಗೆ ಬಿಳಿಯಾಗಿ ಆಗುವ ಹುಣ್ಣು ಬೇರೆ, ತುಟಿ ಅಂಚಿನ ನೀರುಗುಳ್ಳೆ ಬೇರೆ. ಒಳಗಿನದು ಅಂಟುಜಾಡ್ಯವಲ್ಲ, ಅದಕ್ಕೆ ಈ ಮಾತ್ರೆ ನಾಟುವುದಿಲ್ಲ. ಪದೇ ಪದೇ ಆಗುತ್ತಿದ್ದರೆ ರಕ್ತದಲ್ಲಿ ಕಬ್ಬಿಣ, ಬಿ12 ಎಷ್ಟಿದೆ ನೋಡಿಸು. ಮೂರು ವಾರ ಆದರೂ ಮಾಯದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು, ಅದರಲ್ಲೂ ಗುಟ್ಕಾ ಹಾಕುವ ಅಭ್ಯಾಸ ಇದ್ದರೆ. ಮಿರ್ಚಿಯನ್ನು ಹುಣ್ಣು ಮಾಯುವವರೆಗೆ ಬಿಡು, ಆಮೇಲೆ ತಿನ್ನು.